ಎರಡನೆಯ ದಮ್ಮು

ಬೆಳಗಾವಿಯ ಜೈಲಿನಲ್ಲಿ ನಾನು ವಾರ್ಡರ್ ಆಗಿದ್ದಾಗ ಎಲ್ಲರೂ ನನ್ನನ್ನು ‘ಮೂಗಿನ ಮಾಯಪ್ಪ’ ಎಂದು ಕರೆಯುತ್ತಿದ್ದರು. ಕೈದಿಗಳು ಬೆನ್ನ ಹಿಂದೆ, ಜೊತೆಯವರು ಮುಖದೆದುರೇ. ಹೊರಗಿನ ಕೆಲಸ ಮುಗಿಸಿ ಬಂದ ಕೈದಿಗಳನ್ನು ಗೇಟಿನ ಒಳಗೆ ಸಾಲಾಗಿ ನಿಲ್ಲಿಸಿ ಝಡತಿ ತೆಗೆದುಕೊಳ್ಳುವುದು ನನ್ನ ಕೆಲಸ. ಉಳಿದವರು ಮೈ ತಡವಿ ಹುಡುಕುತ್ತಿದ್ದರು. ನಾನು ಸಾಲಿನ ಪಕ್ಕದಲ್ಲಿ ಸುಮ್ಮನೆ ನಡೆದು ಹೋದರೆ ಸಾಕಿತ್ತು. ಬೀಡಿಯನ್ನು ಕಿವಿಯ ಹಿಂದೆ ಇಡುವವನು ದಡ್ಡ. ಜಾಣರು ಕಾಲ್ಬೆರಳ ಸಂದಿಯಲ್ಲಿ, ಟೊಪ್ಪಿಗೆಯ ಹೊಲಿಗೆಯಲ್ಲಿ, ಗಾಯಕ್ಕೆ ಸುತ್ತಿದ ಚಿಂದಿಯೊಳಗೆ ಇಡುತ್ತಿದ್ದರು. ಎಲ್ಲಿಟ್ಟರೂ ನನಗೆ ಸಿಗುತ್ತಿತ್ತು. ಸಿಕ್ಕ ಬೀಡಿಯನ್ನು ಆಫೀಸಿನಲ್ಲಿ ತೋರಿಸಿ, ಸುಣ್ಣದ ನೀರಿನ ಡಬ್ಬಿಯಲ್ಲಿ ಹಾಕಿ, ಕೈದಿಯ ನಂಬರು ಬರೆಸಬೇಕು. ಅವನ ಶಿಕ್ಷೆಯಲ್ಲಿ ಬಿಟ್ಟುಕೊಟ್ಟ ಮಾಫಿಯ ದಿನಗಳಲ್ಲಿ ಒಂದಷ್ಟು ಹೋಗುತ್ತಿತ್ತು. ಅಂದರೆ ಮನೆಗೆ ಹೋಗುವುದು ಅಷ್ಟು ದಿನ ತಡ.

ಅಂಥ ಮೂಗು ತಂಬಾಕಿನ ಮೇಲೆ ಪ್ರಾಣ ಇಟ್ಟವನಿಗೆ ಮಾತ್ರ ಇರುತ್ತದೆ. ನಾವು ನಂದಗಡದ ಕಡೆಯ ಕುರುಬರು. ಒಂಬತ್ತನೆಯ ವಯಸ್ಸಿಗೆ ಮಳೆಯಲ್ಲಿ ಕುರಿಗಳ ಹಿಂದೆ ನಡುಗುತ್ತ ನಿಂತಿದ್ದಾಗ ನನ್ನ ಅಜ್ಜ ಕಂಬಳಿಯೊಳಗೆ ಎಳೆದುಕೊಂಡು ಬಾಯಿಗೆ ಚಿಲುಮೆ ಹಚ್ಚಿದ್ದ. ಆ ದಿನದಿಂದ ನನಗೆ ಹಸಿವಾದಾಗ, ಸಿಟ್ಟು ಬಂದಾಗ, ಬೇಸರವಾದಾಗ, ಖುಷಿಯಾದಾಗ ಎಲ್ಲಕ್ಕೂ ಅದೇ. ನಾಲ್ಕು ಇಯತ್ತೆ ಓದಿದ್ದಕ್ಕೆ ಸರಕಾರಿ ನೌಕರಿ ಸಿಕ್ಕಿತು, ಖಾಕಿ ಅಂಗಿ ಬಂತು, ಚಿಲುಮೆ ಮಾತ್ರ ಬಿಡಲಿಲ್ಲ. ಡ್ಯೂಟಿಯಲ್ಲಿ ಸೇದುವಂತಿಲ್ಲ, ಹೊರಗೆ ಬಂದ ತಕ್ಷಣ ಗೋಡೆಯ ಮಗ್ಗುಲಲ್ಲಿ ಕುಳಿತು ಎರಡು ತುಂಬು ಎಳೆಯುತ್ತಿದ್ದೆ. ಒಳಗೆ ಒಂದು ತುಂಡು ಬೀಡಿಗಾಗಿ ಮನುಷ್ಯರು ಭಿಕ್ಷೆ ಬೇಡುವಂತೆ ಬೇಡುವುದನ್ನು ನೋಡಿ ನಗು ಬರುತ್ತಿತ್ತು. ಗಂಡಸಿಗೆ ಅಷ್ಟೂ ತಡೆದುಕೊಳ್ಳಲು ಆಗುವುದಿಲ್ಲವೇ ಎಂದುಕೊಳ್ಳುತ್ತಿದ್ದೆ.

೧೯೨೬ರ ಶ್ರಾವಣದಲ್ಲಿ ನನ್ನ ಮಗಳು ಚಂದ್ರವ್ವ ಚೊಚ್ಚಲ ಬಾಣಂತನಕ್ಕೆ ನಂದಗಡಕ್ಕೆ ಬಂದಿದ್ದಳು. ನನಗೆ ಅವಳೊಬ್ಬಳೇ ಮಗಳು. ಹೆರಿಗೆಯಾದ ಎರಡನೆಯ ದಿನ ಕೂಸು ಹೋಯಿತು. ನಾಲ್ಕನೆಯ ದಿನ ಅವಳಿಗೆ ಜ್ವರ ಏರಿತು. ನಾನು ರಜೆ ಹಾಕಿ ಹೋಗುವ ಹೊತ್ತಿಗೆ ಅವಳಿಗೆ ಯಾರ ಗುರುತೂ ಹತ್ತುತ್ತಿರಲಿಲ್ಲ. ಖಾನಾಪುರದ ಡಾಕ್ಟರು ಕೊಟ್ಟ ಔಷಧ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹೆಂಡತಿ ಸಾತವ್ವ ಬಾಗಿಲಲ್ಲಿ ಕುಳಿತು ಅಳುತ್ತಿದ್ದಳು, ನಾನು ಹಿತ್ತಲಲ್ಲಿ ಕುಳಿತು ಚಿಲುಮೆ ಎಳೆಯುತ್ತಿದ್ದೆ. ಏನು ಮಾಡಬೇಕೋ ತಿಳಿಯದಿದ್ದಾಗ ನಾನು ಯಾವಾಗಲೂ ಮಾಡುತ್ತಿದ್ದುದು ಅದೊಂದೇ.

ಕೊನೆಗೆ ಒಳಗೆ ಹೋಗಿ ಬೀರದೇವರ ಭಂಡಾರದ ಚೀಲ ಇಳಿಸಿದೆ. ಭಂಡಾರ ಎಂದರೆ ಅರಿಶಿನದ ಪುಡಿಯೇ; ಆದರೆ ನಮ್ಮವರು ಅದನ್ನು ಮುಟ್ಟಿ ಆಡಿದ ಮಾತಿಗೆ ಕೋರ್ಟಿನ ಕಾಗದಕ್ಕಿಂತ ಹೆಚ್ಚು ಅಂಜುತ್ತಾರೆ. ಒಂದು ಚಿಟಿಕೆ ತೆಗೆದು ಮಗಳ ಹಣೆಗೆ ಹಚ್ಚಿದೆ. ಅವಳ ಹಣೆ ಹೆಂಚಿನ ಹಾಗೆ ಸುಡುತ್ತಿತ್ತು.

“ಬೀರಪ್ಪಾ, ನನ್ನ ಮಗಳನ್ನ ಉಳಸು. ಇನ್ನ ಮ್ಯಾಲೆ ನನ್ನ ಬಾಯಾಗ ಹೊಗಿ ಹೋಗಂಗಿಲ್ಲ. ಹೋತು ಅಂದ್ರ ನೀ ಕೊಟ್ಟ ಜೀವಾ ನೀ ತಿರುಗಿ ತಗೋ” ಎಂದೆ.

ಕೊನೆಯ ಮಾತನ್ನು ಯಾಕೆ ಆಡಿದೆನೋ ಇವತ್ತಿಗೂ ತಿಳಿದಿಲ್ಲ. ಬಹುಶಃ ದೇವರಿಗೆ ನಂಬಿಕೆ ಬರಲಿ ಎಂದು. ಸಾತವ್ವ ಬಾಗಿಲಲ್ಲೇ ಬಾಯಿಗೆ ಸೆರಗು ಒತ್ತಿಕೊಂಡಳು.

ಮೂರನೆಯ ದಿನ ಜ್ವರ ಇಳಿಯಿತು. ಚಂದ್ರವ್ವ ಗಂಜಿ ಕೇಳಿದಳು. ನಾನು ಚಿಲುಮೆಯನ್ನು ಬಾವಿಗೆ ಒಗೆದು ಬೆಳಗಾವಿಗೆ ಹೊರಟೆ.

ಮುಂದಿನ ನಾಲ್ಕು ವಾರ ಹೇಗಿದ್ದೆ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬಿಡದವರು ಬಿಡುವುದರ ಬಗ್ಗೆ ಬಹಳ ಹೇಳುತ್ತಾರೆ. ಯಾಲಕ್ಕಿ ಅಗಿ ಎಂದರು, ಅಗಿದೆ. ಹುರಿದ ಪುಟಾಣಿ ತಿನ್ನು ಎಂದರು, ಎರಡೂ ಜೇಬು ತುಂಬಿಕೊಂಡು ತಿಂದೆ. ತಣ್ಣೀರು ಕುಡಿ ಎಂದರು, ಹೊಟ್ಟೆ ನೀರಿನ ಕೊಡದ ಹಾಗೆ ಆಗುವವರೆಗೆ ಕುಡಿದೆ. ಹೊಟ್ಟೆ ತುಂಬಿತೇ ಹೊರತು ಎದೆಯ ಒಳಗೆ ಖಾಲಿ ಇದ್ದ ಜಾಗ ಖಾಲಿಯೇ ಉಳಿಯಿತು. ರಾತ್ರಿ ನಿದ್ದೆ ಇಲ್ಲ, ಹಗಲು ಕಣ್ಣಲ್ಲಿ ಖಾರ. ಶಹಾಪುರದ ಕಡೆ ನನ್ನದೊಂದು ಬಾಡಿಗೆಯ ಕೋಣೆ. ಅದರ ಮುಂದಿನ ರಸ್ತೆಯಲ್ಲಿ ನಿಪ್ಪಾಣಿಯಿಂದ ಬರುವ ತಂಬಾಕಿನ ಗಾಡಿಗಳು ಹಾಯುತ್ತಿದ್ದವು. ಗಾಡಿ ತಿರುವಿನಲ್ಲಿ ಇದ್ದಾಗಲೇ ನನಗೆ ವಾಸನೆ ಹತ್ತುತ್ತಿತ್ತು. ಖಡೇಬಜಾರಿನಲ್ಲಿ ಗುರುತಿಲ್ಲದವನೊಬ್ಬ ಬೀಡಿ ಹಚ್ಚಿಕೊಂಡು ಹೋಗುತ್ತಿದ್ದರೆ ಅವನ ಹಿಂದೆಯೇ ಅರ್ಧ ಬಜಾರು ನಡೆದು ಹೋದದ್ದಿದೆ.

ಜೈಲಿನಲ್ಲಿ ನನ್ನ ಮೂಗು ಇನ್ನೂ ಚುರುಕಾಯಿತು. ಮೊದಲು ವಾರಕ್ಕೆ ನಾಲ್ಕು ಸಿಗುತ್ತಿದ್ದಲ್ಲಿ ಈಗ ದಿನಕ್ಕೆ ನಾಲ್ಕು. ಜೈಲರ್ ಸಾಹೇಬರು ಎಲ್ಲರ ಮುಂದೆ ಶಾಬಾಸ್ ಎಂದರು. ಸಿಕ್ಕ ಬೀಡಿಯನ್ನು ಗೇಟಿನಿಂದ ಆಫೀಸಿನವರೆಗೆ ಒಯ್ಯುವಾಗ ನನ್ನ ಮುಷ್ಟಿ ಬೆವರುತ್ತಿತ್ತು. ಆಮೇಲೆ ದಿನವೆಲ್ಲ ಆ ಕೈ ತೊಳೆಯುತ್ತಿರಲಿಲ್ಲ, ಆಗಾಗ ಮೂಗಿಗೆ ಹಿಡಿಯುತ್ತಿದ್ದೆ. ನಾಯಿಯಂತೆ ಬದುಕುತ್ತಿದ್ದೇನೆ ಎಂದು ಗೊತ್ತಿತ್ತು. ಆದರೆ ಮಗಳು ನಂದಗಡದಲ್ಲಿ ರೊಟ್ಟಿ ತಿನ್ನುತ್ತ ಇದ್ದಾಳೆ ಎಂಬುದು ಅದಕ್ಕಿಂತ ದೊಡ್ಡದಾಗಿತ್ತು.

ಗಣೇಶ ಚೌತಿಗೆ ಎರಡು ದಿನದ ರಜೆ ಸಿಕ್ಕಿ ಊರಿಗೆ ಹೋದೆ. ಮರುದಿನ ಬೀಗರು ಬೀರಣ್ಣನವರು ಸೊಸೆಯನ್ನು ಕರೆದೊಯ್ಯಲು ಬಂದರು. ಖಾನಾಪುರದ ಆಚೆ, ಹೊಳೆ ದಾಟಿ ಅವರ ಊರು. ಒಳ್ಳೆಯ ಮನುಷ್ಯ, ಹೆಚ್ಚು ಮಾತಿಲ್ಲ. ಕೂಸು ಹೋದದ್ದಕ್ಕೆ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಚಂದ್ರವ್ವ ಬೆಳಿಗ್ಗೆಯಿಂದಲೇ ಸೀರೆಯ ಗಂಟು ಕಟ್ಟಿ ಹೊಸ್ತಿಲಲ್ಲಿ ಇಟ್ಟುಕೊಂಡಿದ್ದಳು. ಅವಳಿಗೆ ಗಂಡನ ಮೇಲೆ ಜೀವ. ಅಳಿಯ ಹಣಮಪ್ಪ ಕೂಡ ಜ್ವರ ಬಂದಾಗ ಮೂರು ಸಲ ಹೊಳೆ ದಾಟಿ ಬಂದು ನೋಡಿ ಹೋಗಿದ್ದ.

ಬೀರಣ್ಣನವರು ಕಟ್ಟೆಯ ಮೇಲೆ ಕುಳಿತು ಚಿಲುಮೆ ತುಂಬಿದರು. ನನ್ನ ಆಣೆಯ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಚಕಮಕಿ ಹೊಡೆದು, ಒದ್ದೆ ಬಟ್ಟೆ ಸುತ್ತಿ, ಒಂದು ದಮ್ಮು ಎಳೆದು, ಎರಡೂ ಕೈಯಿಂದ ನನ್ನ ಕಡೆ ಚಾಚಿದರು.

“ತಗೋರಿ ಬೀಗರ.”

“ಬ್ಯಾಡ್ರಿ.”

“ಯಾಕ್ರಿ? ಹದಾ ಐತಿ, ಎಳೀರಿ.”

ಹೊಗೆ ನನ್ನ ಮುಖದ ಮೇಲೆಯೇ ಬಂತು. ಆಣೆ ಇದೆ ಎಂದು ಎರಡು ಮಾತು ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಹೇಳಲು ಬಾಯಿ ತೆರೆದರೆ ಅದು ಮಾತಿಗೆ ತೆರೆಯುತ್ತದೋ ಚಿಲುಮೆಗೆ ತೆರೆಯುತ್ತದೋ ಎಂದು ನನಗೇ ನಂಬಿಕೆ ಇರಲಿಲ್ಲ. ಕೈ ಮೇಲೆದ್ದಿತ್ತು. ಹೊಡೆಯದಿದ್ದರೆ ಅದು ತೆಗೆದುಕೊಳ್ಳುತ್ತಿತ್ತು. ಹೊಡೆದುಬಿಟ್ಟೆ. ಚಿಲುಮೆ ಕಲ್ಲಿನ ಮೇಲೆ ಬಿದ್ದು ಮೂರು ಚೂರಾಯಿತು.

ನಮ್ಮವರಲ್ಲಿ ಬೀಗನ ಕೈಯ ಚಿಲುಮೆಯನ್ನು ಬೇಡ ಎನ್ನಬಹುದು. ಅದಕ್ಕೆ ಮುನಿಸು ಎನ್ನುತ್ತಾರೆ. ಒಡೆಯುವುದು ಬೇರೆ. ನೀನು ಇನ್ನು ನಮ್ಮ ಕುಲದವನಲ್ಲ, ನಿನ್ನ ಎಂಜಲು ನನಗೆ ಹೇಸಿಗೆ ಎಂದು ಮುಖಕ್ಕೆ ಉಗುಳಿದ ಹಾಗೆ. ಬೀರಣ್ಣನವರು ಧೋತರದ ಮೇಲೆ ಬಿದ್ದ ಕೆಂಡ ಝಾಡಿಸಿ ಎದ್ದರು.

“ಚಿಲುಮಿ ಒಡದ ಮನಿ ಸೊಸಿ ನಮಗ ಬ್ಯಾಡ” ಎಂದಷ್ಟೇ ಹೇಳಿದರು.

ಸಾತವ್ವ ಹಿಂದೆ ಓಡಿದಳು, ಆಣೆಯ ಮಾತು ಕೂಗಿ ಹೇಳಿದಳು. ಅವರು ತಿರುಗಿ ನೋಡಲಿಲ್ಲ, ಕೇಳಿಸಿತೋ ಇಲ್ಲವೋ. ಆಮೇಲೆ ಹೇಳಿ ಕಳಿಸಿದ ಆಳನ್ನೂ ಅಂಗಳದಿಂದಲೇ ತಿರುಗಿಸಿದರಂತೆ. ಚಂದ್ರವ್ವ ಹೊಸ್ತಿಲಲ್ಲಿದ್ದ ಗಂಟನ್ನು ಎತ್ತಿಕೊಂಡು ಒಳಗೆ ಹೋದಳು.

ಮುಖ ತೋರಿಸಲಾಗದೆ ಬೆಳಗಾವಿಗೆ ತಿರುಗಿ ಬಂದೆ. ಆ ವಾರ ನನಗೆ ಹಗ್ಗದ ಶೆಡ್ಡಿನಲ್ಲಿ ಪಹರೆ. ಹತ್ತಾರು ಕೈದಿಗಳು ಪುಂಡಿಯ ನಾರನ್ನು ತೊಡೆಯ ಮೇಲೆ ತಿಕ್ಕಿ ಹಗ್ಗ ಹೊಸೆಯುತ್ತ ಕೂತಿರುತ್ತಿದ್ದರು. ಅವರಲ್ಲಿ ಲಕ್ಷ್ಮಪ್ಪ ಎಂಬವನೊಬ್ಬ. ಬದುವಿನ ಜಗಳದಲ್ಲಿ ಪಕ್ಕದ ಹೊಲದವನ ಕೈ ಕಡಿದು ಏಳು ವರ್ಷಕ್ಕೆ ಬಂದವನು. ಅವನನ್ನು ಎರಡು ಸಲ ಬೀಡಿಯೊಂದಿಗೆ ಹಿಡಿದದ್ದು ನಾನೇ. ಎರಡು ಸಲವೂ ಅವನ ಮಾಫಿ ಕಡಿಮೆಯಾಗಿತ್ತು. ಅಂಥವನು ತಲೆ ಎತ್ತದೆ, ನಾರು ತಿಕ್ಕುತ್ತಲೇ ನನ್ನನ್ನು ಕೇಳಿದ:

“ಎಷ್ಟು ದಿನಾ ಆತ್ರಿ ಸಾಹೇಬ್ರ, ಬಿಟ್ಟು?”

“ಏನು ಬಿಟ್ಟು?”

“ಸೇದೂದು.”

“ನಿನಗ ಯಾರು ಹೇಳಿದ್ರು?”

“ಯಾರ್ ಹೇಳಬೇಕ್ರಿ? ಘಳಿಗಿಗೊಮ್ಮೆ ಕೈ ಬಾಯಿಗೆ ಒಯ್ತೀರಿ, ಏನೂ ಇಲ್ಲಂತ ನೆಪ್ಪಾಗಿ ಮೀಸಿ ತೀಡತೀರಿ. ಆರು ವರ್ಷ ನಾನೂ ಅದನ್ನ ಮಾಡೇನಿ.”

ಮೊದಲಾಗಿದ್ದರೆ ಬಾಯಿ ಮುಚ್ಚು ಎನ್ನುತ್ತಿದ್ದೆ. ಅವತ್ತು ಅವನ ಹತ್ತಿರ ಹೋಗಿ ನಿಂತೆ. ಈ ಊರಿನಲ್ಲಿ ನನ್ನ ಸಂಕಟ ತಿಳಿದವನು ಇವನೊಬ್ಬನೇ ಎಂದು ಅನಿಸಿತು, ನಾಚಿಕೆಯೂ ಆಯಿತು.

“ಹೆಂಗ ತಡಕೊಂಡಿ?” ಎಂದು ಕೇಳಿದೆ.

“ತಡಕೊಳ್ಳೂದೇನೂ ಇಲ್ರಿ. ಅದು ಬರೂದು ಬಿಡಂಗಿಲ್ಲ. ಆದರ ಬಂದದ್ದು ಕುಂದ್ರಂಗಿಲ್ಲ. ಒಂದು ಮಾರು ಹಗ್ಗ ಹೊಸಿಯೂದರಾಗ ತಾನ ಎದ್ದು ಹೋಗತೈತಿ. ಮತ್ತ ಬಂತಂದ್ರ ಮತ್ತೊಂದು ಮಾರು. ಕೈಗೆ ಕೆಲಸಾ ಕೊಡ್ರಿ. ಬಾಯಿ ಹೇಳಿದ್ದು ಕೇಳಾಕ ಕೈ ಖಾಲಿ ಇರಬಾರ್ದು.”

“ಯಾರರೆ ಚಿಲುಮಿ ತಂದು ಮುಂದ ಹಿಡದ್ರ?”

ಅವನ ಕೈ ಒಂದು ಗಳಿಗೆ ನಿಂತಿತು. “ಎರಡನೇ ಸಲಾ ನನ್ನ ಹಿಡದ್ರಲ್ರಿ, ಆವತ್ತು ಕಲ್ಲಿನ ಕೆಲಸಕ್ಕ ಹೊರಗ ಒಯ್ದಿದ್ರು. ಗಾಡಿಯಾಂವ ಒಬ್ಬ ಹಚ್ಚಿದ್ದ ಬೀಡಿ ಕೈಯಾಗ ಇಟ್ಟ. ಒಂದು ದಮ್ ಎಳದೆ. ಅಷ್ಟಕ್ಕ ಒಗದಿದ್ರ ನಿಮ್ಮ ಮೂಗಿಗೂ ಸಿಗತಿರಲಿಲ್ಲ. ಒಂದನೇದು ಪಾಪ ಅಂವ ಕೊಟ್ಟ ಅಂತ ಎಳದೆ ಅನ್ರಿ. ಎರಡನೇದಕ್ಕ ಯಾರ ಹೆಸರು ಹೇಳ್ಲಿ? ಅದು ನಂದ. ಉಳದ ತುಂಡು ಚಿಂದ್ಯಾಗ ಕಟಗೊಂಡು ಬಂದೆ, ನೀವು ಹಿಡದ್ರಿ.”

ಸಂಜೆ ಪೇಟೆಯಿಂದ ಪುಂಡಿಯ ನಾರಿನ ಒಂದು ಹೊರೆ ತಂದೆ. ಕೋಣೆಯಲ್ಲಿ ಅಂಗಿ ಕಳಚಿ ಕುಳಿತು, ತೊಡೆಯ ಚರ್ಮ ಕೆಂಪಾಗುವವರೆಗೆ ಹೊಸೆದೆ. ಲಕ್ಷ್ಮಪ್ಪ ಹೇಳಿದ್ದು ಖರೆ. ಅದು ಬರುತ್ತಿತ್ತು, ಗಂಟಲಲ್ಲಿ ಕೂತು ಹಿಂಡುತ್ತಿತ್ತು, ಮಾರು ಮುಗಿಯುವುದರೊಳಗೆ ಎದ್ದು ಹೋಗುತ್ತಿತ್ತು. ದಸರೆಗೆ ದಿನಕ್ಕೆ ಇಪ್ಪತ್ತು ಸಲ ಬರುತ್ತಿದ್ದುದು ದೀಪಾವಳಿಗೆ ಹತ್ತಕ್ಕೆ ಬಂತು, ಸಂಕ್ರಮಣಕ್ಕೆ ನಾಲ್ಕೈದಕ್ಕೆ. ಮಲಗುವುದಕ್ಕೂ ಜಾಗ ಉಳಿಯದಷ್ಟು ಹಗ್ಗ ಬೆಳೆಯಿತು. ಒಳ್ಳೆಯ ನಾರು ಆರಿಸಿ, ಸಣ್ಣಗೆ, ನುಣ್ಣಗೆ ಒಂದು ಜೊತೆ ಬೇರೆಯಾಗಿ ಹೊಸೆದು ಇಟ್ಟೆ. ಮಗಳು ಗಂಡನ ಮನೆಗೆ ಹೋದರೆ ಒಂದು ದಿನ ತೊಟ್ಟಿಲು ಕಟ್ಟಲು ಬೇಕಾಗುತ್ತದೆ ಎಂಬ ಆಸೆ.

ಹೋದರೆ ತಾನೆ. ಶಿವರಾತ್ರಿಯ ಹೊತ್ತಿಗೆ ಸುದ್ದಿ ಬಂತು: ಹಣಮಪ್ಪನಿಗೆ ಬೇರೆ ಹೆಣ್ಣು ನೋಡುತ್ತಿದ್ದಾರೆ, ಅವನು ಒಲ್ಲೆ ಎನ್ನುತ್ತಿದ್ದಾನೆ, ಆದರೆ ಎಷ್ಟು ದಿನ ಒಲ್ಲೆ ಎಂದಾನು. ನಾನು ನಮ್ಮ ಕುಲದ ಹಿರಿಯಜ್ಜನ ಕಾಲು ಹಿಡಿದೆ. ಅವರು ಎರಡೂ ಕಡೆಯವರನ್ನು ಸಂತೆಯ ದಿನ ಖಾನಾಪುರಕ್ಕೆ ಕರೆಸಿದರು. ಮಲಪ್ರಭೆಯ ದಂಡೆಯ ಮೇಲೆ ಒಂದು ಮಾವಿನ ಮರದ ಕೆಳಗೆ ಕಂಬಳಿ ಹಾಸಿ ಕೂತೆವು. ನಾನು ಬೆಳಗಾವಿಯಿಂದ ರೈಲಿನಲ್ಲಿ ಹಗ್ಗದ ಹೊರೆ ಹೊತ್ತು ಬಂದಿದ್ದೆ. ಸಾತವ್ವ, ಚಂದ್ರವ್ವ ನಂದಗಡದಿಂದ ಗಾಡಿಯಲ್ಲಿ ಬಂದಿದ್ದರು. ಚಂದ್ರವ್ವನ ಗಂಟು ಈ ಸಲವೂ ಅವಳ ಜೊತೆಗಿತ್ತು.

“ಬರ್ರಿ, ಕುಂದರ್ರಿ” ಎಂದು ಹಿರಿಯಜ್ಜ ಬೀರಣ್ಣನವರನ್ನು ನನ್ನ ಎದುರಿಗೆ ಕೂರಿಸಿದರು. “ಹೊಸಾ ಮಾತೇನಿಲ್ಲ, ಹಿಂದಿನಿಂದ ಬಂದದ್ದ ಐತಿ. ಒಡದಾಂವ ಹೊಸಾ ಚಿಲುಮಿ ತರಬೇಕು, ತನ್ನ ಕೈಲೆ ತುಂಬಬೇಕು, ತಾ ಮೊದಲ ಎಳದು ಆ ಎಂಜಲಾ ಬೀಗನ ಕೈಯಾಗ ಕೊಡಬೇಕು. ಬೀಗ ಎಳದ ಅಂದ್ರ ಮುಗೀತು, ಸೊಸಿ ಇವತ್ತ ಹೊಳಿ ದಾಟತಾಳ.”

ಆಗ ನಾನು ಆಣೆಯ ಮಾತನ್ನು ಎಲ್ಲರ ಮುಂದೆ ಹೇಳಿದೆ. ಮಗಳ ಹಣೆಯ ಮೇಲೆ ಭಂಡಾರ ಹಚ್ಚಿ ಆಡಿದ ಕೊನೆಯ ಮಾತನ್ನೂ ಬಿಡದೆ ಹೇಳಿದೆ. ಬೀರಣ್ಣನವರು ಕಂಬಳಿಯ ಮೇಲೆಯೇ ನನ್ನ ಹತ್ತಿರ ಸರಿದರು.

“ಆವತ್ತ ಹೇಳಿದ್ರ ಏನಾಗತಿತ್ರಿ ಬೀಗರ?” ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. “ಬರೇ ತುಟಿಗೆ ಹಚ್ಚಿ ಕೊಡ್ಲಿ, ಸಾಕು” ಎಂದು ಹಿರಿಯಜ್ಜನಿಗೆ ಹೇಳಿದರು.

ಹಿರಿಯಜ್ಜ ಒಪ್ಪಲಿಲ್ಲ. “ಹೊಗಿ ಬರಬೇಕು. ನಾಳೆ ಯಾರೂ ಅದು ಆಗೇ ಇಲ್ಲಂತ ಅನ್ನಬಾರ್ದು. ಒಂದು ದಮ್, ಒಂದ. ನ್ಯಾಯದ ದಮ್ ಬೀರದೇವರು ಹಿಡಿಯಂಗಿಲ್ಲ. ಅಮಾಸಿಗೆ ಹೋಗಿ ಕಾಯಿ ಒಡಿ.”

ನಾನು ಚಂದ್ರವ್ವನ ಕಡೆ ನೋಡಿದೆ. ಜೀವ ಅವಳದು, ಅವಳೇ ಹೇಳಲಿ ಎಂದು. ಹೆಂಗಸರ ನಡುವೆ ನಿಂತಿದ್ದ ಅವಳು ಮುಂದೆ ಬಂದಳು. “ಒಂದ ಎಳಿ ಯಪ್ಪಾ. ನನಗೇನೂ ಆಗಂಗಿಲ್ಲ” ಎಂದಳು. ಅವಳ ಕಣ್ಣು ಮಾತ್ರ ಹೊಳೆಯ ಆಚೆಯ ದಂಡೆಯ ಮೇಲಿತ್ತು. ಅಲ್ಲಿ ಹಣಮಪ್ಪ ಗಾಡಿ ಹೂಡಿಕೊಂಡು ನಿಂತಿದ್ದ.

ಖಾನಾಪುರದ ಕುಂಬಾರರ ಹತ್ತಿರ ಕೊಂಡ ಚಿಲುಮೆ. ಇನ್ನೂ ಸುಟ್ಟ ಮಣ್ಣಿನ ವಾಸನೆ ಇತ್ತು. ಒಳಗೆ ಸಣ್ಣ ಹರಳು ಇಟ್ಟೆ, ತಂಬಾಕು ತಿಕ್ಕಿ ತುಂಬಿದೆ. ಆರು ತಿಂಗಳಾಗಿದ್ದರೂ ಬೆರಳು ಏನನ್ನೂ ಮರೆತಿರಲಿಲ್ಲ. ಬಟ್ಟೆ ಒದ್ದೆ ಮಾಡಿ ಸುತ್ತಿದೆ, ಕೆಂಡ ಇಟ್ಟೆ. ಬೀರಣ್ಣನವರು ಎರಡೂ ಕೈ ಚಾಚಿ ಕಾಯುತ್ತಿದ್ದರು.

ಒಂದು ಎಳೆದೆ. ಅದು ಮಗಳಿಗಾಗಿ ಎಳೆದದ್ದು. ಭಂಡಾರ ಮುಟ್ಟಿ ಹೇಳೆಂದರೆ ಹೇಳುತ್ತೇನೆ.

ಹೊಗೆ ಎದೆಯ ಆ ಖಾಲಿ ಜಾಗಕ್ಕೆ ಹೋಗಿ, ತನ್ನ ಮನೆಗೆ ತಾನು ಬಂದ ಹಾಗೆ ಕೂತಿತು. ತಲೆ ಜುಮ್ಮೆಂದಿತು. ಕೈ ಕೆಳಗೆ ಇಳಿಯಬೇಕಿತ್ತು, ಒಂದು ಗೇಣು ಇಳಿಯಿತು ಕೂಡ. ಬೀರಣ್ಣನವರ ಬೆರಳು ಚಿಲುಮೆಗೆ ತಾಗುವಷ್ಟು ಹತ್ತಿರ ಬಂದವು. ಆಗ ಇನ್ನು ಇದು ಮತ್ತೆ ಸಿಗುವುದಿಲ್ಲ ಎಂಬುದು ನೆನಪಾಯಿತು. ಕೈ ತಿರುಗಿ ಬಾಯಿಗೆ ಬಂತು. ಎರಡನೆಯದು ಎಳೆದೆ. ಮೂರನೆಯದನ್ನು ಕಣ್ಣು ಮುಚ್ಚಿ, ಮೇಲಿನ ಕೆಂಡ ಕೆಂಪಗೆ ಉರಿಯುವ ಹಾಗೆ, ಉಸಿರು ಮುಗಿಯುವವರೆಗೆ ಎಳೆದೆ.

ಕಣ್ಣು ತೆರೆದಾಗ ಜನ ನಗುತ್ತಿದ್ದರು. “ಏನ್ರಿ ಬೀಗರ, ನನಗೇನರೆ ಉಳಸ್ತೀರೋ ಇಲ್ಲೋ?” ಎಂದು ಬೀರಣ್ಣನವರೂ ನಕ್ಕು ಚಿಲುಮೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡರು. ಹಿರಿಯಜ್ಜ ತೊಡೆ ತಟ್ಟಿ ನಕ್ಕರು. ಆರು ತಿಂಗಳ ಮುನಿಸು ಆ ನಗುವಿನಲ್ಲಿ ಹರಿದು ಹೋಯಿತು. ಅದಕ್ಕಿಂತ ಚೆನ್ನಾಗಿ ಯಾವ ನ್ಯಾಯವೂ ಮುಗಿದದ್ದಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ಚಂದ್ರವ್ವ ನಗಲಿಲ್ಲ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ದೋಣಿ ಹತ್ತುವ ಮುಂಚೆ ಅವಳ ಕೈಗೆ ಹಗ್ಗದ ಹೊರೆ ಕೊಟ್ಟೆ. ಬಾವಿಗೆ ಇದು, ದನಕ್ಕೆ ಇದು, ತೊಟ್ಟಿಲಿಗೆ ಇದು ಎಂದು ಆರಿಸಿ ತೋರಿಸಿದೆ. ಅವಳು ಹಗ್ಗವನ್ನು ಎದೆಗೆ ಅವಚಿಕೊಂಡಳು, ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

“ಒಂದ ಅಂದಿದ್ದೆ ಯಪ್ಪಾ” ಎಂದಳು. ದೋಣಿ ಆಚೆ ದಂಡೆ ಮುಟ್ಟಿದಾಗ ಹಣಮಪ್ಪ ಓಡಿ ಬಂದು ಹೊರೆಯನ್ನು ಇಳಿಸಿಕೊಂಡದ್ದು ಕಂಡಿತು.

ಖಾನಾಪುರದ ಸ್ಟೇಶನ್ನಿನಲ್ಲಿ ರೈಲು ಬರುವ ಮೊದಲೇ ಒಂದು ಕಟ್ಟು ಬೀಡಿ ಕೊಂಡಿದ್ದೆ. ನ್ಯಾಯವಂತೂ ಮುಗಿದಿತ್ತು, ಆ ಬೀಡಿಗೆ ಯಾವ ನೆವವೂ ಇರಲಿಲ್ಲ.

ಮರುದಿನ ಹಗ್ಗದ ಶೆಡ್ಡಿನಲ್ಲಿ ನಾನು ಹತ್ತು ಹೆಜ್ಜೆ ದೂರ ಇದ್ದಾಗಲೇ ಲಕ್ಷ್ಮಪ್ಪ ತಲೆ ಎತ್ತಿದ. ಮೂಗು ನನಗೊಬ್ಬನಿಗೇ ಇರುವುದಲ್ಲ.

“ಮುರೀತ್ರಿ?” ಎಂದ.

“ನ್ಯಾಯಕ್ಕ ಎಳಿಬೇಕಾತು. ಮಗಳ ಸಂಸಾರದ ಮಾತಿತ್ತು.”

“ಎಷ್ಟು ಎಳದ್ರಿ?”

ನಾನು ಶೆಡ್ಡಿನ ಇನ್ನೊಂದು ತುದಿಗೆ ನಡೆದೆ. ಅವನು ಹೊಸೆಯತೊಡಗಿದ. ಅವತ್ತಿನ ಝಡತಿಯಲ್ಲಿ ಅವನನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲಿಸಿ, ಟೊಪ್ಪಿಗೆಯ ಹೊಲಿಗೆಯನ್ನೂ ಬಿಚ್ಚಿ ಹುಡುಕಿದೆ. ಏನೂ ಸಿಗಲಿಲ್ಲ. ಅಷ್ಟು ಸಣ್ಣವನಾದೆ ನಾನು. ಆ ಬೇಸಿಗೆಯಲ್ಲಿ ಅವನು ಬಿಡುಗಡೆಯಾಗಿ ಹೋದ. ನನ್ನ ಮೂಗು ಮೊಂಡಾಗುತ್ತ ಬಂತು. ಬೀಡಿಗಳು ನನ್ನೆದುರಿಗೇ ಗೇಟು ದಾಟಿ ಒಳಗೆ ಹೋಗುತ್ತಿದ್ದವು. ಜೈಲರ್ ಸಾಹೇಬರು ಶಾಬಾಸ್ ಎನ್ನುವುದನ್ನು ನಿಲ್ಲಿಸಿದರು.

ಅಮಾವಾಸ್ಯೆಗೆ ಹೋಗಿ ಕಾಯಿ ಒಡೆದೆ. ಒಡೆದ ಕೈಯಲ್ಲೇ ಗುಡಿಯ ಹಿಂದೆ ಬೀಡಿ ಹಚ್ಚಿದೆ. ಸಾತವ್ವನಿಗೆ ಗೊತ್ತಾಗಬಾರದೆಂದು ಊರಿಗೆ ಹೋಗುವಾಗ ಬೇವಿನ ಕಡ್ಡಿ ಅಗಿಯುತ್ತಿದ್ದೆ. ಅವಳಿಗೆ ಗೊತ್ತಿತ್ತು, ಹೇಳುತ್ತಿರಲಿಲ್ಲ. ಮುಂದಿನ ವರ್ಷ, ಚಂದ್ರವ್ವ ಮತ್ತೆ ಬಸುರಿ ಎಂದು ಕಾಗದ ಬಂದ ದಿನ, ಇದ್ದ ಬೀಡಿಯನ್ನೆಲ್ಲ ಸುಟ್ಟು ನಾರು ತಂದೆ. ಹನ್ನೊಂದು ದಿನ ಹೊಸೆದೆ. ಹನ್ನೆರಡನೆಯ ದಿನ ಹೊಸೆದ ಹಗ್ಗದ ಮೇಲೆಯೇ ಕುಳಿತು ಸೇದಿದೆ. ಅವಳ ದಿನ ತುಂಬುವುದರೊಳಗೆ ಬಿಟ್ಟರಾಯಿತು, ಇನ್ನೂ ಐದು ತಿಂಗಳಿದೆ ಎಂದುಕೊಂಡೆ. ಆಮೇಲೆ ನಾಲ್ಕು ತಿಂಗಳಿದೆ ಎಂದುಕೊಂಡೆ. ಆಮೇಲೆ ಇನ್ನೊಂದು ತಿಂಗಳಾದರೂ ಇದೆಯಲ್ಲ ಎಂದುಕೊಂಡೆ.

೧೯೨೮ರ ಆಷಾಢದಲ್ಲಿ ಅವಳು ಗಂಡನ ಮನೆಯಲ್ಲೇ ಹೆತ್ತಳು. ಹೊಳೆ ತುಂಬಿದ್ದರಿಂದ ತವರಿಗೆ ತರಲು ಆಗಿರಲಿಲ್ಲ. ಹೆಣ್ಣು ಕೂಸು, ಗಟ್ಟಿಯಾಗಿದೆ ಎಂದು ಮೊದಲ ಸುದ್ದಿ. ಬಾಣಂತಿಗೆ ಜ್ವರ ಎಂದು ಎರಡನೆಯದು. ರೈಲು ಇಳಿದು, ಮಳೆಯಲ್ಲಿ ಹೊಳೆ ದಾಟಿಸುವವರಿಗಾಗಿ ಅರ್ಧ ದಿನ ಕಾದು, ನಾನು ಹೋಗಿ ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಜನ ನಿಂತಿದ್ದರು. ಅವರು ನಿಂತ ರೀತಿ ನೋಡಿಯೇ ಮಗಳು ಹೋದಳೆಂದು ನನಗೆ ತಿಳಿಯಿತು.

ಬಾಣಂತಿ ಜ್ವರ ಎಷ್ಟೋ ಹೆಣ್ಣುಮಕ್ಕಳನ್ನು ಒಯ್ದಿದೆ. ಅವರ ಅಪ್ಪಂದಿರೆಲ್ಲ ಆಣೆ ಮುರಿದವರೇನಲ್ಲ. ಇದು ನನಗೆ ಗೊತ್ತಿದೆ. ನಾಲ್ಕು ಅಕ್ಷರ ಕಲಿತವನು, ಪಟ್ಟಣದಲ್ಲಿ ಇದ್ದವನು. ಬೇಕಾದರೆ ನಿಮಗೆ ಈ ಮಾತನ್ನು ಇನ್ನೂ ಚೆನ್ನಾಗಿ ಬಿಡಿಸಿ ಹೇಳಬಲ್ಲೆ. ನನಗೆ ನಾನು ಹೇಳಿಕೊಳ್ಳಲು ಹೋದಾಗ ಮಾತ್ರ ಅದು ಒಂದು ದಿನವೂ ನಿಂತದ್ದಿಲ್ಲ.

ಮಣ್ಣು ಮಾಡಿ ಬಂದೆವು. ಮಳೆ ಹಿಡಿದುಕೊಂಡಿತ್ತು. ಹಣಮಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ಬಾಣಂತನಕ್ಕೆಂದು ಮೊದಲೇ ಬಂದಿದ್ದ ಸಾತವ್ವ ಒಳಗೆ ತೊಟ್ಟಿಲು ತೂಗುತ್ತಿದ್ದಳು. ಜಂತೆಯಿಂದ ಇಳಿಬಿಟ್ಟ ಆ ಜೊತೆ ಹಗ್ಗವನ್ನು ಬಾಗಿಲಿಂದಲೇ ಗುರುತು ಹಿಡಿದೆ. ಸಣ್ಣಗೆ, ನುಣ್ಣಗೆ, ಎಲ್ಲೂ ಗಂಟಿಲ್ಲದ ಹಗ್ಗ. ಸೇದದೆ ಇದ್ದ ದಿನಗಳಲ್ಲಿ ಹೊಸೆದದ್ದು. ಅದು ಕೂಸಿನ ಭಾರವನ್ನು ಚೆನ್ನಾಗಿ ತಾಳಿಕೊಂಡಿತ್ತು.

ಬೀರಣ್ಣನವರು ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತರು. ಅತ್ತು ಅತ್ತು ಅವರ ಕಣ್ಣು ಬಾತಿತ್ತು. ಕಂಬಳಿಯೊಳಗಿಂದ ಚಿಲುಮೆ ತೆಗೆದರು. ಖಾನಾಪುರದಲ್ಲಿ ನಾನು ಕೊಟ್ಟದ್ದೇ, ಈಗ ಕಪ್ಪಾಗಿತ್ತು. ತುಂಬಿ, ಕೆಂಡ ಇಟ್ಟು, ತಾವು ಮೊದಲು ಎಳೆಯದೆ ನನ್ನ ಕಡೆ ಚಾಚಿದರು.

“ಎಳೀರಿ ಬೀಗರ. ಜೀವಕ್ಕ ಆಸರಾಗತೈತಿ” ಎಂದರು. ಆ ಮನುಷ್ಯನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಈ ಸಲ ಒಡೆಯಬೇಕಿತ್ತು. ಒಡೆಯದಿದ್ದರೆ ಬೇಡ ಎನ್ನಬಹುದಿತ್ತು. ಇನ್ನು ಯಾವ ನ್ಯಾಯವೂ ಕೆಡುತ್ತಿರಲಿಲ್ಲ, ಯಾರ ಸಂಸಾರವೂ ಮುರಿಯುತ್ತಿರಲಿಲ್ಲ. ಬೆಳಗಾವಿಯಿಂದ ಹೊರಟಾಗಿನಿಂದ ಸೇದಿರಲಿಲ್ಲ. ಹೊಳೆಯ ದಂಡೆಯಲ್ಲಿ ಬೀಡಿ ತೊಯ್ದು ಹೋಗಿತ್ತು. ಮಗಳ ಮೇಲೆ ಮಣ್ಣು ಎಳೆಯುತ್ತಿದ್ದಾಗಲೂ ಗಂಟಲಲ್ಲಿ ಅದು ಕೂತು ಹಿಂಡುತ್ತಿತ್ತು.

ತೆಗೆದುಕೊಂಡೆ. ಬೀರಣ್ಣನವರು “ಸಾಕ್ರಿ, ಇನ್ನ ಇತ್ತಾಗ ಕೊಡ್ರಿ” ಎನ್ನುವವರೆಗೂ ಎಳೆದೆ. ಬೆರಳ ಉಗುರಿನಲ್ಲಿ ಇನ್ನೂ ಚಂದ್ರವ್ವನ ಕುಣಿಯ ಕೆಂಪು ಮಣ್ಣಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಜೀವಕ್ಕೆ ಹಿತವಾಯಿತು.